ಹಾಲ್ವರ್ದನ ಕೋಲು

ಡುವೇನ್ ಶವಪೆಟ್ಟಿಗೆಯೊಳಗೆ ಮೊಣಕೈವರೆಗೆ ಕೈ ಹಾಕಿ ಏನನ್ನೋ ತಡಕಾಡುತ್ತಿದ್ದ. ಅದನ್ನು ಮೊದಲು ಕಂಡವಳು ಸತ್ತವನ ಅಕ್ಕ ವರ್ನಾ.

"ಕೈ ತೆಗಿಯೋ" ಎಂದಳು.

ಅವಳೇನೂ ಕೂಗಲಿಲ್ಲ. ಚರ್ಚಿನ ಹಜಾರದಲ್ಲಿ ಊರಿನ ಅರ್ಧ ಜನ ಕೋಟು ನೇತುಹಾಕುತ್ತಾ, ಬೂಟಿನ ಹಿಮ ಕೊಡವುತ್ತಾ ನಿಂತಿದ್ದರು. ಅವರ ಮುಂದೆ ಮನೆತನದ ಮಾನ ಹೋಗಬಾರದಲ್ಲ. ಆದರೆ ವರ್ನಾಳ ಪಿಸುದನಿ ಬೇರೆಯವರ ಕೂಗಿಗಿಂತ ಚೆನ್ನಾಗಿ ಕೇಳಿಸುತ್ತಿತ್ತು. ಹಜಾರವೆಲ್ಲ ಇತ್ತ ತಿರುಗಿತು.

ಡುವೇನ್ ಆರಡಿ ದಾಟಿದ ಆಳು. ಜಿಲ್ಲೆಯ ಹಿಮ ತಳ್ಳುವ ಲಾರಿಗಳನ್ನು ಮೂವತ್ತು ವರ್ಷ ರಿಪೇರಿ ಮಾಡಿ ನಿವೃತ್ತನಾದವನು. ಅವನ ಮುಖ, ಕಿವಿ, ಕತ್ತು ಎಲ್ಲ ಕೆಂಪಾಯಿತು. ಕೈ ಮಾತ್ರ ಹೊರಗೆ ಬರಲಿಲ್ಲ.

"ಡಬ್ಬ ಇಲ್ಲೇ ಇದೆ. ಸೊಂಟದ ಹತ್ರ ಸಿಕ್ಕಾಕ್ಕೊಂಡಿದೆ" ಎಂದು ಪಕ್ಕದಲ್ಲಿ ನಿಂತಿದ್ದ ಜೊಲೀನ್‌ಗೆ ಹೇಳಿದ.

"ಹೆಣದ ಪಕ್ಕದಿಂದ ಕದೀತಿದಾರಲ್ಲ" ಎಂದಳು ವರ್ನಾ. "ಮರ್ಲಿಸ್, ನೋಡು ಬಾ. ನಿನ್ನ ಗಂಡನ ಸ್ನೇಹಿತರ ಯೋಗ್ಯತೆ ನೋಡು."

ಮರ್ಲಿಸ್ ಬಂದು ನೋಡಿದಳು. ಬುಧವಾರ ಗಂಡ ಸತ್ತಾಗಿನಿಂದ ಅವಳು ಎಲ್ಲವನ್ನೂ ನೋಡುತ್ತಲೇ ಇದ್ದಳು, ಒಂದೂ ತಲೆಗೆ ಇಳಿಯುತ್ತಿರಲಿಲ್ಲ. ಯಾರೋ ಕೈ ಹಿಡಿದು ಮಾತಾಡಿಸಿದರೆ ತಲೆಯಾಡಿಸುತ್ತಿದ್ದಳು, ಅವರು ಅತ್ತ ಹೋದ ಮೇಲೆ ಏನೆಂದರು ಎಂದು ಯೋಚಿಸುತ್ತಿದ್ದಳು. ಈಗ ಡುವೇನ್ ತನ್ನ ಗಂಡನ ಪೆಟ್ಟಿಗೆಯಲ್ಲಿ ಕೈ ಇಟ್ಟುಕೊಂಡು ನಿಂತಿರುವುದೂ ಅಂಥದೇ ಇನ್ನೊಂದು ಎಂದುಕೊಂಡಳು.

ಡಬ್ಬವನ್ನು ಪೆಟ್ಟಿಗೆಗೆ ಹಾಕಿಸಿದವಳು ಅವಳೇ. ಹೆಣ ಸಿದ್ಧಪಡಿಸಿಕೊಡುವ ಶವಸಂಸ್ಕಾರದ ಮನೆಯವರು ಗುರುವಾರ ಬಂದು, ಜೊತೆಗೆ ಏನಾದರೂ ಇಡುವುದಿದೆಯೇ ಎಂದು ಕೇಳಿದ್ದರು. ಏನು ಇಡುವುದು? ಆರ್ವಿಡ್‌ಗೆ ಬೇಟೆಯಿಲ್ಲ, ಮೀನು ಹಿಡಿಯುವ ಹುಚ್ಚಿಲ್ಲ. ಧಾನ್ಯದ ಗೋದಾಮಿನಲ್ಲಿ ಲಾರಿ ತೂಗುವ ಕೆಲಸ ಮಾಡಿ ಮನೆಗೆ ಬಂದು ಪತ್ರಿಕೆ ಓದುತ್ತಿದ್ದ ಮನುಷ್ಯ. ಅವಳು ನೆಲಮಾಳಿಗೆಗೆ ಇಳಿದು ಅವನ ಮೇಜಿನ ಮೇಲಿದ್ದ ಹಳೇ ಬಿಸ್ಕತ್ತಿನ ಡಬ್ಬವನ್ನು ತಂದುಕೊಟ್ಟಳು. ಮುಚ್ಚಳದ ಮೇಲೆ ಬಿಳಿ ಪಟ್ಟಿ ಅಂಟಿಸಿ ಅವನ ಅಕ್ಷರದಲ್ಲಿ ಬರೆದಿತ್ತು: 'ಮಂತ್ರವಾದಿಯ ಸ್ವಂತ ಸಾಮಾನು. ಬೇರೆಯವರು ಮುಟ್ಟಬಾರದು.' ಮುಟ್ಟಬಾರದು ಎಂದಿದ್ದಕ್ಕೆ ಅವಳು ತೆರೆದೂ ನೋಡಿರಲಿಲ್ಲ.

"ಡಬ್ಬ ಯಾಕೆ ಬೇಕು, ಡುವೇನ್?" ಎಂದು ಕೇಳಿದಳು.

"ಅದರಲ್ಲಿ ಹಾಲ್ವರ್ದನ ಕೋಲಿದೆ."

"ಕೋಲಾ?" ಎಂದಳು ವರ್ನಾ. "ಬಿಸ್ಕತ್ತಿನ ಡಬ್ಬದಲ್ಲಿ ಕೋಲಾ?"

"ಕೋಲು ಅಂದ್ರೆ ಕೋಲಲ್ಲ" ಎಂದಳು ಜೊಲೀನ್. ಅವಳು ಔಷಧದಂಗಡಿಯಲ್ಲಿ ಕೆಲಸ ಮಾಡುವವಳು, ಎಲ್ಲವನ್ನೂ ಬಿಡಿಸಿ ಹೇಳುವ ಅಭ್ಯಾಸ. "ಕೋಲಿನ ಚೀಟಿ. ಹಾಲ್ವರ್ದ್ ಇನ್ನೂ ಕೆಳಗೇ ಇದಾನೆ. ಚೀಟಿ ಮಣ್ಣಿಗೆ ಹೋದ್ರೆ ಅವನು ಅಲ್ಲೇ ಉಳಿದುಬಿಡ್ತಾನೆ."

"ಈ ಹಾಲ್ವರ್ದ್ ಯಾರು?"

"ಆರ್ವಿಡ್" ಎಂದರು ಡುವೇನ್, ಜೊಲೀನ್ ಇಬ್ಬರೂ ಒಟ್ಟಿಗೆ.

"ನನ್ನ ತಮ್ಮನ ಹೆಸರು ನಂಗೆ ಗೊತ್ತು ಕಣಮ್ಮ. ನಾನೇ ಎತ್ತಿ ಆಡಿಸಿದೀನಿ."

ಶವಸಂಸ್ಕಾರದ ಮನೆಯವನು ಗಡಿಯಾರ ನೋಡಿಕೊಂಡ. ಹತ್ತೂಕಾಲು. ಹತ್ತು ಐವತ್ತಕ್ಕೆ ಮುಚ್ಚಳ ಹಾಕಿ ಒಳಗೆ ತೆಗೆದುಕೊಂಡು ಹೋಗಬೇಕು, ಆಮೇಲೆ ತೆಗೆಯಲು ಬರುವುದಿಲ್ಲ ಎಂದು ಮರ್ಲಿಸ್‌ಗೆ ಮೆಲ್ಲಗೆ ತಿಳಿಸಿದ. ಅವಳಿಗೆ ಅಷ್ಟು ಮಾತ್ರ ಸ್ಪಷ್ಟವಾಗಿ ಕೇಳಿಸಿತು.

"ತಗೊಳ್ಳಿ" ಎಂದಳು ಇಬ್ಬರಿಗೂ. "ಕೆಳಗೆ ಅಡುಗೆಮನೆಗೆ ತನ್ನಿ. ಅದೇನು ಅಂತ ನಂಗೂ ಹೇಳಿ."

ಡುವೇನ್ ಸತ್ತವನ ತೋಳನ್ನು ಒಂದಿಷ್ಟು ಎತ್ತಿ, "ಬೇಜಾರು ಮಾಡ್ಕೋಬೇಡ ಮಾರಾಯ" ಎಂದು ಅವನಿಗೇ ಹೇಳಿ, ಡಬ್ಬ ಎಳೆದುಕೊಂಡ.

*

ಇದು ಶುರುವಾದದ್ದು ಸಾವಿರದ ಒಂಬೈನೂರ ಎಂಬತ್ತೊಂದರ ನವೆಂಬರಿನಲ್ಲಿ. ಮದುವೆಯಾಗಿ ಎರಡನೇ ವರ್ಷ. ಡುವೇನ್, ಜೊಲೀನ್ ಮತ್ತೆ ಕೊಳಾಯಿ ಕೆಲಸದ ಲೈಲ್ ಭಾನುವಾರ ಮಧ್ಯಾಹ್ನ ಬಂದು ನೆಲಮಾಳಿಗೆಗೆ ಇಳಿದರು. ಆರ್ವಿಡ್ ಅವರ ಹಿಂದೆ ಇಳಿದ. ಪೆನ್ಸಿಲು, ಚೀಟಿ, ಇಪ್ಪತ್ತು ಮುಖದ ದಾಳ. ದಾಳ ಉರುಳಿಸಿ ಕತೆ ಕಟ್ಟುವ ಆಟವಂತೆ. ಡುವೇನ್ ಕತೆ ನಡೆಸುವವನು, ಉಳಿದ ಮೂವರೂ ಮಂತ್ರವಾದಿಗಳು. ಕತ್ತಿ ಹಿಡಿಯಲು ಒಬ್ಬರಿಗೂ ಮನಸ್ಸಿರಲಿಲ್ಲವಂತೆ. ಮರ್ಲಿಸ್‌ಗೆ ಗೊತ್ತಿದ್ದದ್ದು ಇಷ್ಟೇ, ಮುಂದೆ ಮೂವತ್ತೊಂದು ವರ್ಷವೂ ಇಷ್ಟೇ.

ಆ ಮೊದಲ ಭಾನುವಾರ ಅವಳು ನಿಂಬೆಹಣ್ಣಿನ ಕೇಕು ಮಾಡಿ, ಕಾಫಿ ಇಟ್ಟು, ಮೂರೂವರೆಗೆ ಮೆಟ್ಟಿಲ ಬಾಗಿಲಲ್ಲಿ ನಿಂತು ಕರೆದಳು. ಕೆಳಗೆ ಮನೆ ಕಾಯಿಸುವ ಒಲೆ ಗೊರಗುಟ್ಟುತ್ತಿತ್ತು, ಯಾರಿಗೂ ಕೇಳಿಸಲಿಲ್ಲ. ಇನ್ನೊಮ್ಮೆ ಕರೆದಳು. ಕೇಕು ಆರುತ್ತಿತ್ತು. ಅವಳಿಗೆ ಸಿಟ್ಟು ಬಂತು. ಮೂಲೆಯಲ್ಲಿದ್ದ ಉದ್ದ ಹಿಡಿಯ ಪೊರಕೆಯನ್ನು ತಲೆಕೆಳಗಾಗಿ ಹಿಡಿದು ಅಡುಗೆಮನೆಯ ನೆಲಕ್ಕೆ ಮೂರು ಸಲ ಬಡಿದಳು.

ಕೆಳಗೆ ಮಾತು ನಿಂತಿತು. ನಾಲ್ಕು ಕುರ್ಚಿಗಳು ಒಟ್ಟಿಗೆ ಹಿಂದಕ್ಕೆ ಸರಿದ ಸದ್ದಾಯಿತು. ಮೆಟ್ಟಿಲಲ್ಲಿ ಧಡಧಡ ಹೆಜ್ಜೆ. ಬಾಗಿಲು ಫಟ್ಟೆಂದು ತೆರೆದು ಅವಳ ಮೊಣಕೈಗೆ ಬಡಿಯಿತು. ಎದುರಿಗೆ ಆರ್ವಿಡ್, ಏದುಸಿರು ಬಿಡುತ್ತಾ ನಗುತ್ತಿದ್ದ. ವಾರವಿಡೀ ನಾಲ್ಕು ಮಾತು ಆಡದ ಆರ್ವಿಡ್.

ಆಮೇಲೆ ಪ್ರತಿ ಭಾನುವಾರವೂ ಅದೇ. ಮೂರು ಬಡಿತ, ನಾಲ್ಕು ಕುರ್ಚಿ, ಎಲ್ಲರಿಗಿಂತ ಮುಂದೆ ಆರ್ವಿಡ್. ಬಡಿದ ಕೂಡಲೇ ಮರ್ಲಿಸ್ ಒಂದು ಹೆಜ್ಜೆ ಪಕ್ಕಕ್ಕೆ ಸರಿದು ಬಾಗಿಲಿಗೆ ದಾರಿ ಬಿಡುವುದನ್ನು ಕಲಿತಳು. ಮೊಣಕೈಯ ಕಪ್ಪು ಕಲೆ ಹೋಗಲು ಎರಡು ವಾರ ಹಿಡಿದಿತ್ತು.

ಆದರೆ ಅವಳೆಂದೂ ಕೆಳಗೆ ಇಳಿಯಲಿಲ್ಲ, ಅವರೂ ಕರೆಯಲಿಲ್ಲ. ಕೆಲವು ಸಲ ಪಾತ್ರೆ ಒರೆಸುತ್ತಾ ನಿಂತಾಗ ನೆಲದಡಿಯಿಂದ ಅವನ ದನಿ ಕೇಳಿಸುತ್ತಿತ್ತು. ಮಾತು ತಿಳಿಯುತ್ತಿರಲಿಲ್ಲ, ಗುನುಗು ಮಾತ್ರ. ಒಂದೇ ಸಮನೆ ಮಾತಾಡುತ್ತಿದ್ದ, ನಗುತ್ತಿದ್ದ. ಮೇಲೆ ತನ್ನ ಹತ್ತಿರ ಇಲ್ಲದ್ದು ಕೆಳಗೆ ಏನಿದೆ ಎಂದು ಅವಳಿಗೆ ನೋವಾಗುತ್ತಿತ್ತು. ಕೇಳಿದ್ದರೆ ಹೇಳುತ್ತಿದ್ದನೇನೋ. ಅವಳು ಕೇಳಲಿಲ್ಲ.

*

ಚರ್ಚಿನ ಅಡುಗೆಮನೆಯಲ್ಲಿ ನಾಲ್ಕಾರು ಹೆಂಗಸರು ಊಟಕ್ಕೆಂದು ಬ್ರೆಡ್ಡಿಗೆ ಬೆಣ್ಣೆ ಸವರಿ ಹಂದಿಮಾಂಸದ ಹೋಳು ಇಡುತ್ತಿದ್ದರು. ಮರ್ಲಿಸ್ ಬಂದದ್ದನ್ನು ನೋಡಿ ಕುರ್ಚಿ ಎಳೆದುಕೊಟ್ಟರು. ಅವಳು ಕೂರಲಿಲ್ಲ. ಶಾಲೆಯ ಅಡುಗೆಮನೆಯಲ್ಲಿ ಇಪ್ಪತ್ತಾರು ವರ್ಷ ನಿಂತ ಕಾಲು. ಒಲೆ, ತಟ್ಟೆ ಕಂಡ ಮೇಲೆ ಅವಳಿಗೆ ಸ್ವಲ್ಪ ಉಸಿರು ಬಂತು. ಲೈಲ್ ಆಗಲೇ ಅಲ್ಲಿಗೆ ಬಂದು ಯಾರೂ ನೋಡದಂತೆ ಉಪ್ಪಿನಕಾಯಿ ಸೌತೆ ತಿನ್ನುತ್ತಿದ್ದ.

ಡುವೇನ್ ಡಬ್ಬವನ್ನು ಬ್ರೆಡ್ಡಿನ ರಾಶಿಯ ಪಕ್ಕದಲ್ಲಿಟ್ಟ.

"ಬೇಗ ಹೇಳು" ಎಂದಳು ವರ್ನಾ. "ಇದು ಆ ಪಿಶಾಚಿ ಆಟಾನೇ ತಾನೆ? ಎಂಬತ್ತನಾಲ್ಕರಲ್ಲಿ ಆಗಿನ ಪಾಸ್ಟರ್ ಇದರ ಮೇಲೆ ಉಪದೇಶಾನೇ ಮಾಡಿದ್ರು. ನಾನು ಆ ಕರಪತ್ರ ತಂದು ನಿನ್ನ ಕೈಗೆ ಕೊಟ್ಟಿದ್ದೆ, ಮರ್ಲಿಸ್."

"ಕೊಟ್ಟಿದ್ದೆ. ನಿಂಬೆ ಕೇಕು ತಿಂದು ತಟ್ಟೆ ತೊಳೆದಿಟ್ಟು ಹೋಗೋ ಪಿಶಾಚಿ ಆದ್ರೆ ಇನ್ನೂ ನಾಲ್ಕು ಬರ್ಲಿ ಅಂದಿದ್ದೆ."

ಹೆಂಗಸರು ನಕ್ಕರು. ಮರ್ಲಿಸ್‌ಗೆ ತಾನು ಇಷ್ಟು ಮಾತಾಡಿದೆನಲ್ಲ ಎಂದು ಆಶ್ಚರ್ಯವಾಯಿತು.

"ನಮ್ಮ ಮೇಜಿನ ನಿಯಮ ಒಂದಿದೆ" ಎಂದ ಡುವೇನ್. ದೊಡ್ಡ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಡಬ್ಬದ ಮೇಲಿಟ್ಟ. "ಪ್ರತಿ ಮಂತ್ರವಾದಿಗೂ ಅವನದೇ ಅಂತ ಒಂದು ವಸ್ತು. ಗೆದ್ದದ್ದಲ್ಲ, ಕೊಂಡದ್ದಲ್ಲ. ಅವನೇ ಮಂತ್ರ ಹಾಕಿ ಮಾಡ್ಕೊಂಡದ್ದು. ಆಟ ಆಡೋರ ಮನೇಲಿ ಇರೋ ಸಾಮಾನೇ ಆಗ್ಬೇಕು. ಜೊಲೀನ್‌ದು ಬಾಚಣಿಗೆ. ಲೈಲ್‌ದು ಬಕೆಟ್ಟು."

"ತುಂಬದೇ ಇರೋ ಬಕೆಟ್ಟು" ಎಂದ ಲೈಲ್.

"ಆ ವಸ್ತು ಏನು ಮಾಡುತ್ತೆ ಅಂತ ಒಂದು ಚೀಟಿ ಮೇಲೆ ಬರೀಬೇಕು. ಅದು ಮುಂಬದಿ, ಎಲ್ರೂ ಓದಬಹುದು. ಹಿಂಬದಿ ಅಂದ್ರೆ ಬೇರೆ ಚೀಟಿ, ಅದರಲ್ಲಿ ಕೊನೇ ಶಕ್ತಿ. ಜೀವಮಾನಕ್ಕೆ ಒಂದೇ ಸಲ. ಅದನ್ನ ಲಕೋಟೇಲಿ ಹಾಕಿ ಮೇಣದಲ್ಲಿ ಮುಚ್ಚಿಡೋದು. ಕತೆ ನಡೆಸೋ ನಾನೂ ನೋಡೋ ಹಾಗಿಲ್ಲ. ಬೇಕಾದಾಗ ಅವನೇ ಒಡೆದು ಓದ್ತಾನೆ, ಓದಿದ್ದು ನಡೆದೇ ನಡೆಯುತ್ತೆ, ನಾನು ಚೀಟಿ ಹರೀತೀನಿ."

"ನಾನು ಎರಡನೇ ವಾರಾನೇ ಒಡೆದುಬಿಟ್ಟೆ" ಎಂದ ಲೈಲ್. "ಒಂದು ಕಪ್ಪೆ ಓಡಿಸೋಕೆ. ಮೂವತ್ತೊಂದು ವರ್ಷ ಇವರ ಬಾಯಲ್ಲಿ ಕಪ್ಪೆ ಲೈಲ್ ಆಗಿದೀನಿ."

"ಆರ್ವಿಡ್ ಒಡೀಲೇ ಇಲ್ಲ" ಎಂದಳು ಜೊಲೀನ್. "ಎಂತೆಂಥ ಕಷ್ಟ ಬಂದ್ರೂ ಒಡೀಲಿಲ್ಲ. ಜಿಪುಣ ಅಂತ ರೇಗಿಸ್ತಿದ್ವಿ. ಹೋದ ಭಾನುವಾರ ಅವನೇ ಅಂದ, ಮುಂದಿನ ವಾರ ಹಿಂಬದಿ ಓದ್ತೀನಿ ಅಂತ."

ಹೋದ ಭಾನುವಾರ ಮೂವರು ಮಂತ್ರವಾದಿಗಳೂ ಉಪ್ಪಿನ ಗಣಿಯೊಂದರ ತಳದಲ್ಲಿದ್ದರಂತೆ. ಮೇಲ್ಛಾವಣಿ ಕುಸಿಯತೊಡಗಿದಾಗ ಹಾಲ್ವರ್ದ್, ಅಂದರೆ ಆರ್ವಿಡ್ ಆಡುತ್ತಿದ್ದ ಮಂತ್ರವಾದಿ, ತನ್ನ ಕೋಲನ್ನು ಕಲ್ಲಿನ ಬಾಗಿಲಿಗೆ ಊರಿ ನಿಂತು, ಉಳಿದಿಬ್ಬರನ್ನು ಮೆಟ್ಟಿಲು ಹತ್ತಿಸಿದನಂತೆ. ಅವನು ಒಳಗೇ ಉಳಿದ. ಆಟ ಅಲ್ಲಿಗೆ ನಿಂತಿದೆ. ಜೊಲೀನ್ ಇದನ್ನು ಊರ ರಸ್ತೆಯಲ್ಲಿ ಆದ ಅಪಘಾತದಂತೆ ಹೇಳಿದಳು. ಬೆಣ್ಣೆ ಸವರುವ ಹೆಂಗಸರು ಕೈ ನಿಲ್ಲಿಸಿ ಕೇಳಿದರು.

"ಅವನು ಹೇಳಿದ್ದ ನಂಗೆ" ಎಂದ ಡುವೇನ್ ಇದ್ದಕ್ಕಿದ್ದಂತೆ. "ಬಾಗಿಲು ಹಿಡ್ಕೊಂಡು ನಿಂತಾಗ, ಡುವೇನ್, ನನ್ನ ಎಡಗೈ ಭಾರ ಆಗ್ತಿದೆ, ಎದೆ ಬಿಗೀತಿದೆ, ತುಂಬಾ ಹೊತ್ತು ಆಗಲ್ಲ ಅಂದ. ನಾನು ಹಾಲ್ವರ್ದ್ ಮಾತಾಡ್ತಿದಾನೆ ಅಂದ್ಕೊಂಡೆ, ಮರ್ಲಿಸ್. ಏನು ಚೆನ್ನಾಗಿ ಅಭಿನಯ ಮಾಡ್ತಾನೆ ಅಂದ್ಕೊಂಡೆ. ದಾಳ ಹಾಕು ಅಂದೆ. ಅವನು ಹಾಕಿದ. ಹದಿನೇಳು ಬಿತ್ತು. ಹಾಗಾದ್ರೆ ಇನ್ನೂ ತಡ್ಕೋತೀಯ ಬಿಡು ಅಂದೆ."

ಲೈಲ್ ಕೈಯಲ್ಲಿದ್ದ ಸೌತೆಯನ್ನು ಮೆಲ್ಲಗೆ ತಟ್ಟೆಯಲ್ಲಿಟ್ಟ.

ಮರ್ಲಿಸ್ ನೆನಪಿಸಿಕೊಂಡಳು. ಆ ಭಾನುವಾರ ಬಡಿದಾಗ ಮೆಟ್ಟಿಲಲ್ಲಿ ಮೊದಲು ಬಂದವನು ಲೈಲ್. ಆರ್ವಿಡ್ ಕೊನೆಗೆ ಬಂದಿದ್ದ, ಗೋಡೆ ಹಿಡಿದುಕೊಂಡು. ಅವಳು ಗಮನಿಸಿದ್ದಳು, ವಯಸ್ಸಾಯಿತು ಎಂದುಕೊಂಡು ಸುಮ್ಮನಾಗಿದ್ದಳು.

"ನಾನೂ ಕಾಫಿ ತರೋಕೆ ಹೋಗಿದ್ದೆ" ಎಂದಳು. ಯಾರಿಗೂ ಅರ್ಥವಾಗಲಿಲ್ಲ.

*

ಬುಧವಾರ ಮಧ್ಯಾಹ್ನ ಆಸ್ಪತ್ರೆಯಲ್ಲಿ ಅವನು ಕಣ್ಣು ತೆರೆದಾಗ ಅವಳು ಸ್ವೆಟರು ಹೆಣೆಯುತ್ತಾ ಕೂತಿದ್ದಳು. ಮೂಗಿಗೆ ಕೊಳವೆ, ಬೆರಳಿಗೆ ಕ್ಲಿಪ್ಪು. ಸೂರನ್ನು ನೋಡುತ್ತಾ ಮಲಗಿದ್ದ.

"ಇನ್ನೂ ಬಡೀಲಿಲ್ವಾ?" ಎಂದ.

"ಏನನ್ನ?"

"ಮೇಲಿಂದ. ಮೂರು ಸಲ. ಬಡಿ, ಮರ್ಲಿಸ್."

ಅವಳಿಗೆ ಪೊರಕೆ ನೆನಪಾಯಿತು. ಪಾಪ, ಕಾಫಿ ಬೇಕಾಗಿದೆ, ಮಂಪರಿನಲ್ಲಿ ಮನೆಯಲ್ಲೇ ಇದ್ದೇನೆ ಎಂದುಕೊಂಡಿದ್ದಾನೆ ಎಂದು ಅವಳಿಗೆ ಕನಿಕರ ಬಂತು. "ತರ್ತೀನಿ ಇರು" ಎಂದಳು. ಅವನು ಏನೋ ಹೇಳಲು ಹೊರಟು ತಲೆಯಾಡಿಸಿದ. ಹೌದು ಎಂದನೋ ಬೇಡ ಎಂದನೋ, ದಿಂಬಿನ ಮೇಲಿನ ತಲೆ, ಗೊತ್ತಾಗಲಿಲ್ಲ. ಅವಳು ಲಿಫ್ಟಿನಲ್ಲಿ ಇಳಿದು, ಸಾಲಿನಲ್ಲಿ ನಿಂತು, ಹಾಲು ಹಾಕಬೇಡಿ ಎಂದು ಹೇಳಿ, ಕಾಗದದ ಲೋಟಕ್ಕೆ ಮುಚ್ಚಳ ಹಾಕಿಸಿಕೊಂಡು ಮೇಲೆ ಬಂದಳು. ಬರುವಷ್ಟರಲ್ಲಿ ಮುಗಿದಿತ್ತು.

ಗಂಡ ಸಾಯುವಾಗ ಹೆಂಡತಿ ಎಲ್ಲಿದ್ದಳು ಎಂದು ಬಂದವರೆಲ್ಲ ಕೇಳಿದರು. ಕಾಫಿ ತರಲು ಹೋಗಿದ್ದಳು ಎಂದು ವರ್ನಾ ಎಲ್ಲರಿಗೂ ಹೇಳಿದಳು. ಕೆಟ್ಟ ಮನಸ್ಸಿನಿಂದಲ್ಲ, ಆದದ್ದು ಅದೇ. ಆ ಲೋಟವನ್ನು ಎಲ್ಲಿಟ್ಟೆ ಎಂಬುದು ಮರ್ಲಿಸ್‌ಗೆ ಇವತ್ತಿಗೂ ನೆನಪಿಲ್ಲ. ಅವನಿಗೆ ಬೇಕಾಗಿದ್ದದ್ದು ಕಾಫಿಯೇ ಹೌದೇ ಎಂಬುದೊಂದು ಬಿಟ್ಟರೆ ಬೇರೆ ಯೋಚನೆ ಅವಳ ತಲೆಯಲ್ಲಿರಲಿಲ್ಲ.

*

ಡಬ್ಬ ತೆರೆದರು. ನಾಲ್ಕಾರು ದಾಳ, ಹಲ್ಲಿನ ಗುರುತು ಮೂಡಿದ ಪೆನ್ಸಿಲು ತುಂಡು, ರಬ್ಬರು, ಒಂದು ಹಳೆಯ ಚೀಟಿ. ಚೀಟಿಯ ಕೆಳಗೆ ಲಕೋಟೆ, ಅದರ ಮೇಲೆ ಕೆಂಪು ಮೇಣದ ಬೊಟ್ಟು.

ಮೊದಲು ಚೀಟಿಯನ್ನು ಡುವೇನ್ ಮರ್ಲಿಸ್ ಕೈಗೆ ಕೊಟ್ಟ. ಅವಳು ಕನ್ನಡಕ ಏರಿಸಿ ಓದಿದಳು.

'ಹಾಲ್ವರ್ದನ ಕೋಲು. ನೋಡಲು ಸಾಧಾರಣ ಪೊರಕೆಯ ಹಿಡಿ. ನೆಲಕ್ಕೆ ಮೂರು ಸಲ ಬಡಿದರೆ ಆ ಕೋಣೆಯಲ್ಲಿ ಮನುಷ್ಯನಾಗಲಿ ರಾಕ್ಷಸನಾಗಲಿ ಯಾರೂ ಯಾರ ಮೇಲೂ ಕೈ ಮಾಡುವಂತಿಲ್ಲ. ಎಲ್ಲರೂ ಎದ್ದು ನಿಲ್ಲತಕ್ಕದ್ದು. ಒಂದು ಲೋಟ ಕಾಫಿ ಕುಡಿದು ಮುಗಿಯುವವರೆಗೆ ಶಾಂತಿ. ದಿನಕ್ಕೆ ಒಂದೇ ಸಲ.'

"ಇದು ನನ್ನ ಪೊರಕೆ" ಎಂದಳು ಮರ್ಲಿಸ್.

"ಹೌದು" ಎಂದ ಡುವೇನ್. "ನಿಂಗೆ ಗೊತ್ತಿರ್ಲಿಲ್ವಾ?"

"ಇಲ್ಲ."

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ನಿಂಗೆ ಹೇಳಿದಾನೆ ಅಂದ್ಕೊಂಡಿದ್ವಿ" ಎಂದಳು ಜೊಲೀನ್. "ನೀನು ಮೇಲೆ ಬಡಿದ್ರೆ ಕೆಳಗೆ ನಾವು ಎದ್ದು ನಿಲ್ಲಲೇಬೇಕು. ಸುಮ್ನೆ ಅಲ್ಲ, ನಿಯಮ ಅದು. ಒಂದ್ಸಲ ಡುವೇನ್‌ನ ಬೆಂಕಿ ಹಾವು ಲೈಲ್‌ನ ನುಂಗೋಕೆ ಬಾಯಿ ತೆರೆದಿತ್ತು. ನೀನು ಬಡಿದೆ. ಹಾವೂ ನಿಂತ್ಕೊಳ್ತು."

"ಕಾಲಿಲ್ದಿದ್ರೂ ನಿಂತ್ಕೊಳ್ತು" ಎಂದ ಲೈಲ್. "ನಾನು ಬದುಕಿದ್ದು ನಿನ್ನ ಕೇಕಿನಿಂದ."

ಮರ್ಲಿಸ್ ಚೀಟಿಯನ್ನು ಇನ್ನೊಮ್ಮೆ ಓದಿದಳು.

ಲಕೋಟೆಯ ವಿಷಯದಲ್ಲಿ ಜಗಳ ಬಂತು. ಒಡೆಯಬೇಕಾದವನು ಮಂತ್ರವಾದಿ. ಮಂತ್ರವಾದಿ ಬದುಕಿದ್ದಾನೋ ಸತ್ತಿದ್ದಾನೋ? ಆಡುವವನು ಹೋದರೆ ಅವನೂ ಹೋದ ಹಾಗೆ ಎಂದ ಲೈಲ್. ಹಾಗೆ ಎಲ್ಲಿ ಬರೆದಿದೆ ಎಂದಳು ಜೊಲೀನ್. ಹಾಲ್ವರ್ದನಿಗೆ ಒಂದು ಗೀರೂ ಬಿದ್ದಿಲ್ಲ, ಅವನು ಬಾಗಿಲು ಹಿಡಿದು ನಿಂತಿದ್ದಾನೆ. ಡುವೇನ್ ಹಣೆ ಉಜ್ಜಿಕೊಂಡ. ಮೂವತ್ತೊಂದು ವರ್ಷದಲ್ಲಿ ಅವರ ಮೇಜಿನಲ್ಲಿ ಮಂತ್ರವಾದಿಗಳು ಎಷ್ಟೋ ಸಲ ಸತ್ತಿದ್ದರು, ಆಡುವವರು ಸತ್ತಿರಲಿಲ್ಲ. ಅದಕ್ಕೆ ನಿಯಮ ಮಾಡಿಕೊಳ್ಳಲು ಯಾರಿಗೂ ಹೊಳೆದಿರಲಿಲ್ಲ.

"ನಿಯಮ ಇಲ್ದಿದ್ರೆ ದಾಳ" ಎಂದ ಲೈಲ್. "ಹನ್ನೊಂದರ ಮೇಲೆ ಬಿದ್ರೆ ಒಡೆಯೋದು."

"ಚರ್ಚಿನಲ್ಲಿ ಜೂಜು" ಎಂದಳು ವರ್ನಾ, ದಣಿದ ದನಿಯಲ್ಲಿ.

ಲೈಲ್ ದಾಳ ಎಸೆದ. ಅದು ಬ್ರೆಡ್ಡಿನ ನಡುವೆ ಉರುಳಿ ಉಪ್ಪಿನಕಾಯಿಯ ತಟ್ಟೆಗೆ ಬಿದ್ದು, ಎರಡು ಸೌತೆಗಳ ನಡುವೆ ಓರೆಯಾಗಿ ನಿಂತಿತು. ಒಂಬತ್ತು ಎಂದಳು ಜೊಲೀನ್. ಹತ್ತೊಂಬತ್ತು ಎಂದ ಲೈಲ್. ಇಬ್ಬರೂ ತಟ್ಟೆಯ ಮೇಲೆ ಬಾಗಿದರು.

ಮರ್ಲಿಸ್ ಬೆಣ್ಣೆಯ ಚಾಕು ತೆಗೆದುಕೊಂಡು ಮೇಣವನ್ನು ಎಬ್ಬಿಸಿದಳು.

ಒಳಗೆ ಇನ್ನೊಂದು ಚೀಟಿ. ತಾರೀಕು ಎಂಬತ್ತೊಂದರ ಡಿಸೆಂಬರ್ ಆರು. ಅಕ್ಷರ ಎಳೆಯದು, ಆಗ ಅವನಿಗೆ ಮೂವತ್ತೈದಿರಬೇಕು. ಅವಳು ಮನಸ್ಸಿನಲ್ಲಿ ಓದಿಕೊಂಡಳು. ಆಮೇಲೆ ಅದನ್ನು ಡುವೇನ್‌ಗೆ ಕೊಟ್ಟಳು. ಡುವೇನ್ ಕತೆ ನಡೆಸುವವನ ದನಿಯಲ್ಲಿ ಗಟ್ಟಿಯಾಗಿ ಓದಲು ಶುರುಮಾಡಿದ, ಅರ್ಧಕ್ಕೆ ಆ ದನಿ ಹೋಯಿತು.

'ಕೊನೆಯ ಶಕ್ತಿ. ಇದನ್ನು ನಾನು ಬಳಸಲಾರೆ. ಮೇಲಿನಿಂದ ಅವಳು ಬಡಿಯಬೇಕು. ಅವಳು ಬಡಿದರೆ ನಾನು ಎಷ್ಟು ಆಳದಲ್ಲಿದ್ದರೂ, ಏನು ಹಿಡಿದುಕೊಂಡಿದ್ದರೂ, ಅದನ್ನು ಅಲ್ಲೇ ಬಿಟ್ಟು ಎದ್ದು ಅವಳ ಹತ್ತಿರ ಹೋಗುತ್ತೇನೆ. ಬಾಗಿಲು, ಬೀಗ, ಬೆಟ್ಟ, ಸಾವು, ಡುವೇನ್ ಯಾವುದೂ ತಡೆಯುವಂತಿಲ್ಲ.'

"ಅವಳು ಅಂದ್ರೆ ಯಾರು?" ಎಂದಳು ವರ್ನಾ.

ಜೊಲೀನ್ ಮರ್ಲಿಸ್ ಕಡೆ ನೋಡಿದಳು. ವರ್ನಾ "ಓ" ಎಂದು ಕುರ್ಚಿಯಲ್ಲಿ ಕೂತಳು.

"ಅವನು ಕೇಳಿದ" ಎಂದಳು ಮರ್ಲಿಸ್. "ಬುಧವಾರ ಕೇಳಿದ. ಮೂರು ಸಲ ಬಡಿ ಅಂದ. ನಾನು ಕಾಫಿ ತರೋಕೆ ಹೋದೆ." ಅವಳು ಅಳುತ್ತಿರಲಿಲ್ಲ. ಲೆಕ್ಕ ತಪ್ಪಿದವಳಂತೆ ಒಬ್ಬೊಬ್ಬರ ಮುಖವನ್ನೇ ನೋಡಿದಳು. "ಅಷ್ಟು ದೊಡ್ಡ ಆಸ್ಪತ್ರೆ, ಯಾವ ನೆಲಕ್ಕೆ ಬಡೀಬೇಕಿತ್ತು? ಮಂಚಕ್ಕೇ ಬಡಿದಿದ್ರೆ ಆಗ್ತಿತ್ತೇನೋ. ಈಗ ಏನು ಮಾಡ್ಲಿ, ಡುವೇನ್? ನೀನು ನಿಯಮ ಗೊತ್ತಿರೋನು, ಹೇಳು."

ಡುವೇನ್ ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. ಹಾಗೆ ನೋಡುವುದು ಅವನಿಗೆ ನಿಜವಾಗಿಯೂ ಬೇಕಿತ್ತು.

"ಚೀಟಿ ಹರಿದಿಲ್ಲ" ಎಂದ. "ಹರೀದೇ ಇದ್ರೆ ಶಕ್ತಿ ಖರ್ಚಾಗಿಲ್ಲ. ಇಂಥ ದಿನದೊಳಗೆ ಬಡೀಬೇಕು ಅಂತ ಅವನು ಬರೆದೂ ಇಲ್ಲ."

"ಯಾವ ಕೋಲು ಅಂತಾನೂ ಬರೆದಿಲ್ಲ" ಎಂದಳು ಜೊಲೀನ್. ಅವಳ ಕೆನ್ನೆ ಒದ್ದೆಯಾಗಿತ್ತು. "ಸಾಧಾರಣ ಪೊರಕೆ ಅಂತಷ್ಟೇ ಇದೆ."

ಮೇಲಿನಿಂದ ಶವಸಂಸ್ಕಾರದ ಮನೆಯವನು ಮೆಟ್ಟಿಲಲ್ಲಿ ಬಾಗಿ, ಹತ್ತು ಐವತ್ತಾಯಿತು, ಮುಚ್ಚಳ ಹಾಕಲೇ ಎಂದು ಕೇಳಿದ. ಹಾಕಿ ಎಂದಳು ಮರ್ಲಿಸ್. ಡಬ್ಬ, ದಾಳ, ಪೆನ್ಸಿಲನ್ನು ಲೈಲ್ ತೆಗೆದುಕೊಂಡು ಓಡಿದ, ಅವನ್ನು ಮತ್ತೆ ಸೊಂಟದ ಪಕ್ಕ ಇಡಲು. ಒಂದು ದಾಳಕ್ಕೆ ಉಪ್ಪಿನಕಾಯಿಯ ವಾಸನೆ ಹತ್ತಿತ್ತು, ಒರೆಸಲು ಹೊತ್ತಿರಲಿಲ್ಲ.

*

ಚರ್ಚಿನ ಅಡುಗೆಮನೆಯ ಪೊರಕೆ ಹಿಡಿದುಕೊಂಡು ವಿಧವೆ ಮೆಟ್ಟಿಲು ಹತ್ತಿ ಬಂದಾಗ ಮಾತಾಡುತ್ತಿದ್ದವರೆಲ್ಲ ಸುಮ್ಮನಾದರು. ಅವಳು ಸಾಲುಗಳ ನಡುವಿನ ದಾರಿಯಲ್ಲಿ ನಡೆದು ಮುಂದಿನ ಬೆಂಚಿನಲ್ಲಿ ಕೂತಳು, ಪೊರಕೆಯನ್ನು ಮೊಣಕಾಲಿಗೆ ಒರಗಿಸಿಕೊಂಡಳು. ಕಸ ಗುಡಿಸುತ್ತಿದ್ದವಳನ್ನು ಹಾಗೇ ಎಬ್ಬಿಸಿಕೊಂಡು ಬಂದಿದ್ದಾರೆಂದು ಕೆಲವರು, ಪಾಪ ತಲೆ ನಿಲ್ಲುತ್ತಿಲ್ಲವೆಂದು ಕೆಲವರು ಅಂದುಕೊಂಡರು. ಪಕ್ಕದಲ್ಲಿ ವರ್ನಾ ಕೂತಳು.

"ಅದನ್ನ ನನ್ನ ಕಡೆ ಕೊಡು. ಜನ ನೋಡ್ತಿದಾರೆ" ಎಂದಳು.

"ನೋಡ್ಲಿ ಬಿಡು."

ವರ್ನಾ ಕೈ ಚಾಚಿದವಳು ಹಿಂದಕ್ಕೆ ತೆಗೆದುಕೊಂಡಳು.

ಪಾಸ್ಟರ್ ಇಂಗ್ರಿಡ್ ಊರಿಗೆ ಬಂದು ಎರಡು ವರ್ಷವಾಗಿತ್ತಷ್ಟೆ. ಆರ್ವಿಡ್ ಬಗ್ಗೆ ಅವರಿಗೆ ಗೊತ್ತಿದ್ದದ್ದೂ ಸ್ವಲ್ಪವೇ. ಒಳ್ಳೆಯ ಮನುಷ್ಯ, ತೂಕದಲ್ಲಿ ಎಂದೂ ಮೋಸ ಮಾಡಲಿಲ್ಲ, ಹೆಚ್ಚು ಮಾತಾಡುತ್ತಿರಲಿಲ್ಲ ಎಂದರು. ಹಿಂದೆ ಮೂರನೇ ಸಾಲಿನಲ್ಲಿ ಲೈಲ್ ಮೂಗೊರೆಸಿಕೊಂಡ. ಪಾಸ್ಟರ್ ಪೊರಕೆಯ ಕಡೆ ಎರಡು ಸಲ ನೋಡಿದರು, ಎರಡು ಸಲವೂ ಓದುತ್ತಿದ್ದ ಸಾಲು ತಪ್ಪಿತು. ಕೊನೆಗೆ, "ಪ್ರಾರ್ಥಿಸೋಣ" ಎಂದರು. ಎಲ್ಲರೂ ಕೂತಲ್ಲೇ ತಲೆ ಬಾಗಿಸಿದರು.

ಮರ್ಲಿಸ್ ಎದ್ದಳು. ಬೆಂಚಿನಿಂದ ಹೊರಗೆ ಬಂದು, ಮುಚ್ಚಿದ ಪೆಟ್ಟಿಗೆಯ ಎದುರಿಗೆ, ನಡುದಾರಿಯ ಮೇಲೆ ನಿಂತಳು. ಹಳೆಯ ಮರದ ನೆಲ. ಕೆಳಗೆ ಅಡುಗೆಮನೆಯಲ್ಲಿ ಲೋಟ ಜೋಡಿಸುವ ಸದ್ದು ಕೇಳಿಸುತ್ತಿತ್ತು. ಅವಳು ಪೊರಕೆಯನ್ನು ತಲೆಕೆಳಗು ಮಾಡಿದಳು, ಎರಡೂ ಕೈಯಲ್ಲಿ ಹಿಡಿದಳು, ಬಡಿದಳು.

ಒಂದು. ಎರಡು. ಮೂರು.

ಕೆಳಗೆ ಲೋಟದ ಸದ್ದು ನಿಂತಿತು.

ಮೂರನೇ ಸಾಲಿನಲ್ಲಿ ಡುವೇನ್, ಜೊಲೀನ್, ಲೈಲ್ ಧಡಕ್ಕನೆ ಎದ್ದು ನಿಂತಿದ್ದರು. ಯೋಚಿಸಿ ಎದ್ದದ್ದಲ್ಲ, ಮೂವತ್ತೊಂದು ವರ್ಷದ ಕಾಲು, ತಾನೇ ಎದ್ದಿತ್ತು. ಲೈಲ್‌ನ ಮೊಣಕಾಲು ಮುಂದಿನ ಬೆಂಚಿಗೆ ಬಡಿದದ್ದು ಎಲ್ಲರಿಗೂ ಕೇಳಿಸಿತು. ಅವರು ಎದ್ದದ್ದನ್ನು ನೋಡಿ ನಾಲ್ಕನೇ ಸಾಲಿನವರು, ಓ ಏಳಬೇಕೇನೋ ಎಂದು ಎದ್ದರು. ಅವರನ್ನು ನೋಡಿ ಹಿಂದಿನವರು ಎದ್ದರು. ಬೆಂಚುಗಳು ಕಿರುಗುಟ್ಟಿದವು, ಕೋಟುಗಳು ಸರಿದವು, ಊರಿಗೆ ಊರೇ ಎದ್ದು ನಿಂತಿತು. ಪಾಸ್ಟರ್ ಇಂಗ್ರಿಡ್ ತಮ್ಮ ಪುಸ್ತಕದ ಹಾಳೆಗಳನ್ನು ಹಿಂದಕ್ಕೂ ಮುಂದಕ್ಕೂ ತಿರುವುತ್ತಾ, ಏಳಬೇಕೆಂದು ಎಲ್ಲಿ ಬರೆದಿದೆ ಎಂದು ಹುಡುಕುತ್ತಿದ್ದರು. ವರ್ನಾ ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು. ಆಮೇಲೆ ಬೆಂಚನ್ನು ಹಿಡಿದು, ನೋಯುವ ಸೊಂಟವನ್ನು ಎತ್ತಿಕೊಂಡು, ಅವಳೂ ಎದ್ದಳು.

ಡುವೇನ್ ಎದೆಯ ಜೇಬಿನಿಂದ ಕೊನೆಯ ಶಕ್ತಿಯ ಚೀಟಿ ತೆಗೆದು ಎರಡಾಗಿ ಹರಿದ. ಅಷ್ಟು ಜನರ ಮೌನದಲ್ಲಿ ಆ ಸಣ್ಣ ಸದ್ದು ಮುಂದಿನ ಸಾಲಿನವರೆಗೂ ಬಂತು.

ಮರ್ಲಿಸ್ ಅದನ್ನು ಕೇಳಿಸಿಕೊಂಡಳು. ಪೊರಕೆಯನ್ನು ಎದೆಗೆ ಒತ್ತಿ ಹಿಡಿದು, ಮೊಣಕೈಯನ್ನು ಒಳಗೆಳೆದುಕೊಂಡು, ಒಂದು ಹೆಜ್ಜೆ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.